ಕೋಲಿನ ಮುಂದಿನ ತುದಿ

ನಾಯಿ ಕೈಕೊಟ್ಟಿತು ಎನ್ನುತ್ತಾರೆ ನಮ್ಮ ಮನೆಯಲ್ಲಿ. ಕಣ್ಣು ಕಾಣದ ದೊಡ್ಡಪ್ಪನನ್ನು ನಾಲೆಯ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದ ನಾಯಿ, ಮೊಲ ಕಂಡದ್ದೇ ತಡ, ಅವರನ್ನು ತೂಬಿನ ಬಾಯಲ್ಲಿ ಬಿಟ್ಟು ಓಡಿತು. ಅವರು ನೀರಿಗೆ ಬಿದ್ದರು. ಪುಣ್ಯಕ್ಕೆ ನಾಲೆಯ ನೀರು ಬಿಡುವ ನೀರಗಂಟಿ ಹತ್ತಿರದಲ್ಲೇ ಇದ್ದ, ಇಲ್ಲದಿದ್ದರೆ ಏನಾಗುತ್ತಿತ್ತೋ. ಅಪ್ಪ ಹೀಗೆ ಹೇಳುತ್ತಾರೆ, ಅವ್ವ ಹೀಗೆ ಹೇಳುತ್ತಾಳೆ. ನೆಂಟರು ಬಂದಾಗ ಅಕ್ಕಪಕ್ಕದ ಮನೆಯವರೂ ಸೇರಿಕೊಂಡು ಮೊಲದ ಬಣ್ಣ ಯಾವುದೆಂಬುದನ್ನೂ ಹೇಳುತ್ತಾರೆ. ಹೇಳಿ ಮುಗಿದ ಮೇಲೆ ಎಲ್ಲರೂ ಒಮ್ಮೆ ನನ್ನ ಕಡೆ ತಿರುಗುತ್ತಾರೆ. ಆ ನಾಯಿಯನ್ನು ಸಾಕಿ, ಪಳಗಿಸಿ, ದೊಡ್ಡಪ್ಪನ ಕೈಗೆ ಕೊಟ್ಟವಳು ನಾನು.

ಯಾವ ಮಾತನ್ನಾದರೂ ನಂಬುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಕಂಡವರು ಯಾರು? ಎಷ್ಟು ದೂರದಿಂದ ಕಂಡರು? ಕಂಡದ್ದನ್ನು ಹೇಳುತ್ತಿದ್ದಾರೋ, ಕೇಳಿದ್ದನ್ನೋ? ಇದನ್ನು ನಾನು ಚರ್ಚಾಸ್ಪರ್ಧೆಗಳಲ್ಲಿ ಕಲಿಯಲಿಲ್ಲ. ದೊಡ್ಡಪ್ಪನೇ ಕಲಿಸಿದ್ದು. ಅವರ ಪ್ರಶ್ನೆಗಳನ್ನೇ ಈ ಕಥೆಗೆ ಹಾಕಿ ನೋಡಿದೆ. ಅವತ್ತು ಅಪ್ಪ ಕೆ.ಆರ್. ನಗರದ ಸಂತೆಯಲ್ಲಿದ್ದರು. ಅವ್ವ ಒಲೆಯ ಮುಂದಿದ್ದಳು. ಪಕ್ಕದ ಮನೆಯವರು ನಾಟಿಗೆ ಹೋಗಿದ್ದರು. ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದೆ. ದೊಡ್ಡಪ್ಪನಿಗೆ ಕಣ್ಣಿಲ್ಲ. ನೀರಗಂಟಿ ಏನು ಕಂಡನೆಂದು ಯಾರೂ ಕೇಳಿರಲಿಲ್ಲ. ಹಾಗಾದರೆ ಮೊಲವನ್ನು ಕಂಡವರು ಯಾರು?

ಚುಂಚನಕಟ್ಟೆಯ ಕಡೆಯಿಂದ ಬರುವ ನಾಲೆ ನಮ್ಮೂರ ಗದ್ದೆಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ನೀರಿನ ಸರದಿಯ ಜಗಳ ನಮ್ಮಲ್ಲಿ ಊಟದಷ್ಟು ಸಹಜ. ಆ ಜಗಳಗಳಿಗೆ ನ್ಯಾಯ ಹೇಳುತ್ತಿದ್ದವರು ದೊಡ್ಡಪ್ಪ. ನಲವತ್ತು ದಾಟಿದ ಮೇಲೆ ಎರಡೇ ವರ್ಷದಲ್ಲಿ ಅವರ ಎರಡೂ ಕಣ್ಣು ಹೋದವು. ಮೈಸೂರಿನ ಡಾಕ್ಟರು ತಡವಾಗಿ ಬಂದಿರಿ ಎಂದರು. ಕಣ್ಣು ಹೋದ ಮೇಲೆ ಅವರ ಮಾತಿನ ತೂಕ ಹೆಚ್ಚೇ ಆಯಿತು. "ಯಜಮಾನ್ರು ಮಕ ನೋಡಿ ನ್ಯಾಯ ಏಳೋರಲ್ಲ ಬುಡು" ಎಂದು ಸೋತವರೂ ನಗುತ್ತಾ ಎದ್ದು ಹೋಗುತ್ತಿದ್ದರು. ದೊಡ್ಡವ್ವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ನನಗೆ ಏಳು ವರ್ಷವಿದ್ದಾಗ ಒಂದು ಬಿದಿರ ಕೋಲಿನ ಮುಂದಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಹಿಂದಿನ ತುದಿ ದೊಡ್ಡಪ್ಪನ ಕೈಯಲ್ಲಿ. ನಮ್ಮ ಕಡೆ ಕಣ್ಣು ಕಾಣದ ಹಿರಿಯರನ್ನು ನಡೆಸುವುದು ಹೀಗೆ. ಕೈ ಹಿಡಿದು ನಡೆಸಿದರೆ ಅವರು ಮಗುವಾಗಿಬಿಡುತ್ತಾರೆ; ಕೋಲು ಹಿಡಿದು ನಡೆಸಿದರೆ ಯಜಮಾನರಾಗಿಯೇ ಉಳಿಯುತ್ತಾರೆ. ನನ್ನ ತಮ್ಮಂದಿರು ಮುಂದೆ ಗೇಯಬೇಕಾದವರು, ಅವರಿಗೆ ನೇಗಿಲು. ನನಗೆ ಕೋಲು. ಬೆಳಿಗ್ಗೆ ಏರಿಯ ಮೇಲೆ ಗದ್ದೆಗೆ ನೀರು ಹರಿಯುತ್ತಿದೆಯೇ ಎಂದು ನೋಡಲು, ಅಂದರೆ ಕೇಳಲು, ಹೋಗಬೇಕು. ಸಂಜೆ ಅರಳಿಕಟ್ಟೆಗೆ. ನ್ಯಾಯವಿದ್ದ ದಿನ ನನಗೆ ಸ್ಕೂಲಿಲ್ಲ.

ದಾರಿಯುದ್ದಕ್ಕೂ ವಾದ. "ಮಗಾ, ಮೇಲಿನ ಗದ್ದೆಯೋನು ರಾತ್ರಿ ನೀರಿನ ಮಡೆ ಒಡ್ದವ್ನೆ. ನೀನು ಅವನ ಕಡೀಕೆ ಮಾತಾಡು, ನಾನು ಕೆಳಗ್ನೋನ ಕಡೀಕೆ" ಎನ್ನುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಪಕ್ಷ ಬದಲಾಯಿಸುತ್ತಿದ್ದರು. ನಾನು ಸೋತರೆ ಕೋಲನ್ನು ಸಣ್ಣಗೆ ಒಮ್ಮೆ ಅಲ್ಲಾಡಿಸುವರು. ಗೆದ್ದರೆ ಎರಡು ಸಲ. ಹೈಸ್ಕೂಲಿನಲ್ಲಿ ನಾನು ಚರ್ಚಾಸ್ಪರ್ಧೆಯ ಕಪ್ಪು ತಂದ ದಿನ ಅವರು ಅದನ್ನು ಒಳಗೂ ಹೊರಗೂ ಬೆರಳಾಡಿಸಿ ನೋಡಿ, "ಇದ್ರಲ್ಲಿ ಕಾಫಿ ಕುಡೀಬೋದಾ?" ಎಂದಿದ್ದರು.

ಹತ್ತನೆಯದು ಮುಗಿಯಿತು. ಮೈಸೂರಿಗೆ ಕಾಲೇಜಿಗೆ ಹೋಗುತ್ತೇನೆ ಎಂದೆ.

"ಓದ್ಸಾಕೆ ನಂದೇನ್ ಅಡ್ಡಿ ಇಲ್ಲ" ಎಂದರು ಅಪ್ಪ. "ಅಣ್ಣನ ಕೋಲು ಯಾರ್ ಹಿಡೀತಾರೆ, ಅದ್ನೇಳು."

ನಾನು ಅರ್ಧ ಗಂಟೆ ವಾದಿಸಿದೆ. ಅಪ್ಪ ಬೀಡಿ ಹಚ್ಚಿಕೊಂಡು ಅದೇ ಪ್ರಶ್ನೆ ಕೇಳಿದರು. ಕೊನೆಗೆ ಜಗುಲಿಯ ಮೂಲೆಯಲ್ಲಿದ್ದ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ನ್ಯಾಯ ಹೇಳುವ ಮೊದಲು ಅವರು ಮಾಡುತ್ತಿದ್ದುದೇ ಹಾಗೆ.

"ನಿನ್ ಜಾಗ್ದಲ್ಲಿ ಒಬ್ರುನ್ನ ನಿಲ್ಸು ಮಗಾ. ನಿಲ್ಸ್‌ಬುಟ್ಟು ಒಂಟೋಗು. ನಾನು ಬ್ಯಾಡ ಅನ್ನಾಕಿಲ್ಲ. ಒಂದ್ ವರ್ಷ ಟೈಮ್ ತಕ್ಕ."

ಅವರು ಹೇಳಿದ ನ್ಯಾಯವನ್ನು ಅವರು ಹಿಂದೆ ತೆಗೆದುಕೊಂಡದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ.

ಸ್ಕೂಲಿನ ಲೈಬ್ರರಿಯ ಹಳೆಯ ಪತ್ರಿಕೆಯೊಂದರಲ್ಲಿ ನಾನು ಒಂದು ಚಿತ್ರ ನೋಡಿದ್ದೆ. ಯಾವುದೋ ಹೊರದೇಶದಲ್ಲಿ ಕಣ್ಣು ಕಾಣದ ಹೆಂಗಸೊಬ್ಬಳನ್ನು ನಾಯಿಯೊಂದು ರಸ್ತೆ ದಾಟಿಸುತ್ತಿತ್ತು. ಹೇಗೆ ಕಲಿಸಿದರು ಎಂದು ಅದರಲ್ಲಿ ಬರೆದಿರಲಿಲ್ಲ. ಮನೆಯಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಆ ಬೇಸಿಗೆಯಲ್ಲಿ ಎಚ್.ಡಿ. ಕೋಟೆ ಕಡೆಯ ಚಿಕ್ಕಮ್ಮನ ಊರಿಗೆ ಹೋಗಿದ್ದೆ. ಅವಳ ಹೊಲದ ಆಚೆಗೇ ಕಾಡು. ಕಾಡಂಚಿನ ಗಿರಿಜನರ ಹಾಡಿಯಿಂದ ಕೂಲಿಗೆ ಬರುತ್ತಿದ್ದ ನಡುವಯಸ್ಸಿನವನೊಬ್ಬನ ಮುಂದೆ ಯಾವಾಗಲೂ ಒಂದು ಕಂದು ನಾಯಿ ನಡೆಯುತ್ತಿತ್ತು. ಅವನಿಗೆ ಚಿತ್ರದ ವಿಷಯ ಹೇಳಿದೆ. ಅವನು ನಗಲಿಲ್ಲ.

"ನಮ್ ನಾಯಿ ಮಾಡಾದೂ ಅದೇ ಅಲ್ವಾ ಕೂಸು. ದಾರೀಲಿ ಆನೆ ಇದ್ರೆ ಬೊಗಳಾಕಿಲ್ಲ. ಬೊಗಳ್ದ್ರೆ ನಾವೂ ಸತ್ತೋ, ಅದೂ ಸತ್ತೋಯ್ತದೆ. ಅಡ್ಡ ನಿಂತ್ಕತದೆ, ಅಷ್ಟೇಯ."

"ಹಾಗೆ ನಿಲ್ಲೋಕೆ ಹೇಗೆ ಕಲಿಸ್ತೀರಿ?"

ಈಗ ನಕ್ಕ. "ನಾಯಿಗೇನ್ ಕಲ್ಸಾದು? ಹಿಂದೆ ಬರೋರ್ಗೆ ಕಲ್ಸಾದು. ಅದು ನಿಂತ್ರೆ ನೀನೂ ನಿಂತ್ಕ. ಓತಿಕ್ಯಾತಕ್ಕೆ ನಿಂತ್ರೂವೆ ನಿಂತ್ಕ. ಬೈಬಾರ್ದು, ನೂಕ್ಬಾರ್ದು. ಅದನ್ನ ಮೀರಿ ಹೆಜ್ಜೆ ಇಟ್ಯೋ, ಅದಕ್ಕೆ ತಿಳೀತದೆ, ಓ ಇವ್ರಿಗೆ ನಾನು ನಿಲ್ಲಾದು ಬ್ಯಾಡ ಅಂತ. ನಾಕ್ ಸಲ ಮೀರಿ ನೋಡು. ಆಮ್ಯಾಲೆ ಆನೆ ಕಾಲ್ಕೆಳೀಕೂ ಕರ್ಕಂಡೋಯ್ತದೆ."

ಅವನ ನಾಯಿಯ ಮರಿಯೊಂದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಟೆ. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದಾಗ ಕಂಡಕ್ಟರು ಚೀಲಕ್ಕೆ ಕಿವಿಗೊಟ್ಟ.

"ಏನಮ್ಮ ಅದ್ರಲ್ಲಿ?"

"ಹಲಸಿನಹಣ್ಣು."

"ಅಲಸಿನಣ್ಣು ಕುಂಯ್ ಅಂತದಾ?"

"ಕೋಟೆ ಕಡೆ ಹಲಸು ಕಣ್ರೀ, ಕಾಡಿಂದು."

"ಬಸ್ಸಲ್ಲಿ ಒಚ್ಚೆ ಉಯ್ಯೋ ಅಲಸಿಗೆ ಲಗೇಜ್ ಟಿಕೆಟ್ಟು" ಎಂದ. ಟಿಕೆಟ್ಟು ಹರಿಯಲಿಲ್ಲ ಮಾತ್ರ.

ಒಂದು ವರ್ಷ. ಮೊದಲ ಮೂರು ತಿಂಗಳು ಅದನ್ನು ಏರಿಯ ಮೇಲೆ ಬಿಟ್ಟು ಹಿಂದೆ ನಡೆದೆ. ಕಪ್ಪೆಗೆ ನಿಂತಿತು, ನಾನೂ ನಿಂತೆ. ಸಗಣಿಗೆ ನಿಂತಿತು, ನಿಂತೆ. ತನ್ನ ನೆರಳಿಗೆ ನಿಂತಿತು, ಅದಕ್ಕೂ ನಿಂತೆ. ಗದ್ದೆಯಿಂದ ಹೆಂಗಸರು, "ಯಾರ್ಗೆ ಯಾರ್ ಕಲಿಸ್ತಾವ್ರೆ ಅಮ್ಮಣ್ಣಿ?" ಎಂದು ಕೂಗುತ್ತಿದ್ದರು. ಆಮೇಲೆ ಎತ್ತಿನ ಹಳೆಯ ಕೊರಳಪಟ್ಟಿಯನ್ನು ಕತ್ತರಿಸಿ ನಾಯಿಯ ಎದೆಯ ಅಳತೆಗೆ ಹೊಲಿದು, ಬಿದಿರ ಕೋಲಿನ ಮುಂದಿನ ತುದಿಯನ್ನು, ನನ್ನ ಕೈ ತಿಕ್ಕಿ ತಿಕ್ಕಿ ನುಣುಪಾಗಿದ್ದ ಅದೇ ತುದಿಯನ್ನು, ಅದಕ್ಕೆ ಕಟ್ಟಿದೆ. ಕಣ್ಣಿಗೆ ಟವೆಲ್ಲು ಬಿಗಿದುಕೊಂಡು ಹಿಂದಿನ ತುದಿ ಹಿಡಿದೆ.

ಅಷ್ಟು ವರ್ಷ ಮುಂದೆಯೇ ನಡೆದಿದ್ದವಳು ಹಿಂದೆ ನಡೆದದ್ದು ಅದೇ ಮೊದಲು. ಹತ್ತು ಹೆಜ್ಜೆಗೆ ಬೆವರಿದೆ. ದೊಡ್ಡಪ್ಪ ವಾದ ಮಾಡುತ್ತಾ, ನಗುತ್ತಾ ನಡೆಯುತ್ತಿದ್ದುದು ಇಂಥ ಕತ್ತಲೆಯಲ್ಲಿ, ಏಳು ವರ್ಷದ ಹುಡುಗಿಯೊಬ್ಬಳನ್ನು ನಂಬಿಕೊಂಡು. ಅವತ್ತು ಅವರ ಮೇಲೆ ನನಗೆ ಬಂದ ಗೌರವವನ್ನು ಇಲ್ಲಿ ಬರೆದಿಡಬೇಕು. ಮುಂದೆ ಬರೆಯುವುದರಿಂದ ಅದು ಸುಳ್ಳಾಗುವುದಿಲ್ಲ.

ನಮ್ಮ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಏರಿ ಕಡಿದಿದೆ. ಅದರ ಮೇಲೆ ಒಂದೂವರೆ ಅಡಿಯ ಚಪ್ಪಡಿ, ಪಕ್ಕದಲ್ಲಿ ಸುಳಿಯುವ ನೀರು. ಒಂಬತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ನನ್ನ ಕಣ್ಣು ಕಟ್ಟಿದ್ದಾಗ, ಕೋಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿತು. ನಾಯಿ ಅಡ್ಡ ನಿಂತಿತ್ತು. ನಾನು ಸುಮ್ಮನೆ ಒಂದು ಸಲ "ನಡಿ" ಎಂದೆ. ನಡೆಯಲಿಲ್ಲ. ಟವೆಲ್ಲು ಬಿಚ್ಚಿ ನೋಡಿದರೆ ಚಪ್ಪಡಿ ಎರಡು ಹೆಜ್ಜೆ ಮುಂದಿದೆ. ನಾಯಿಯ ಪಕ್ಕದಲ್ಲೇ ಕೂತು ಅತ್ತೆ. ಅಷ್ಟರ ಮಟ್ಟಿಗೆ ನಾನು ಗೆದ್ದಿದ್ದೆ.

ದೊಡ್ಡಪ್ಪನಿಗೆ ಕಲಿಸಲು ಹೆಚ್ಚು ದಿನ ಬೇಕಾಗಲಿಲ್ಲ. ನಿಯಮವನ್ನು ಮೂರು ಸಲ ಹೇಳಿಸಿದೆ.

"ಅದು ನಿಂತ್ರೆ ನಾನೂ ನಿಲ್ಬೇಕು. ನಿಂತು, ಕೋಲಿನ ಕೆಳಗಿಂದ ಕಾಲು ಚಾಚಿ ತಡಕಿ, ಆಮೇಲೆ 'ಸರಿ' ಅನ್ಬೇಕು. ನೂಕ್ಬಾರ್ದು. ನೂಕ್ದ್ರೆ ಕೆಡ್ತದೆ. ಸಾಕಾ ಮೇಷ್ಟ್ರೇ?"

"ಎಷ್ಟು ಸಲ ನೂಕಿದ್ರೆ ಕೆಡುತ್ತೆ?"

"ನಾಕ್ ಸಲ. ನೆಪ್ಪದೆ ಕಣ್ ಬುಡು."

ನೆನಪಿದೆ ಎಂದರು. ಇದನ್ನು ಗುರುತು ಹಾಕಿಟ್ಟುಕೊಳ್ಳಿ.

ಊರಿನವರಿಗೆ ನಾಲ್ಕು ದಿನ ಹಬ್ಬವಾಯಿತು. "ಏನ್ ಯಜಮಾನ್ರೇ, ಮುಂದೆ ನಾಯಿ, ಹಿಂದೆ ನ್ಯಾಯ!" ಎಂದು ಅರಳಿಕಟ್ಟೆಯಿಂದ ಒಬ್ಬ ಕೂಗಿದ. "ನಾಯಿ ಲಂಚ ತಿನ್ನಾಕಿಲ್ಲ ಕಣ್ಲಾ, ಮುದ್ದೆ ತಿಂತದೆ" ಎಂದು ದೊಡ್ಡಪ್ಪ ತಿರುಗಿ ಕೊಟ್ಟರು. ಎಲ್ಲರೂ ನಕ್ಕರು. ಅವರು ನಗಲಿಲ್ಲ ಎಂಬುದನ್ನು ಆಗ ನಾನು ಗಮನಿಸಿದೆನೋ, ಈಗ ಸೇರಿಸುತ್ತಿದ್ದೇನೋ, ನನಗೇ ಗೊತ್ತಿಲ್ಲ. ಆದರೆ ಒಂದು ಮಾತು ಚೆನ್ನಾಗಿ ನೆನಪಿದೆ. ನಾಯಿಯೊಂದಿಗೆ ಮೊದಲ ಸಲ ಒಬ್ಬರೇ ಏರಿಯ ಕೊನೆಯವರೆಗೂ ಹೋಗಿಬಂದ ದಿನ ಅವರು ಜಗುಲಿಯ ಮೇಲೆ ಕೂತು ಬಹಳ ಹೊತ್ತು ಕಾಲು ಒರೆಸಿಕೊಂಡರು.

"ಹೇಗಿತ್ತು ದೊಡ್ಡಪ್ಪ?"

"ಸಂದಾಕಿತ್ತು. ಎಲ್ಲೂ ಎಡವ್ಲಿಲ್ಲ. ಓಗ್ತಾ ಬರ್ತಾ ಯಾರೂ ಮಾತಾಡ್ಲಿಲ್ಲ ಕಣ್ ಮಗಾ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಜೂನ್‌ನಲ್ಲಿ ಮೈಸೂರಿಗೆ ಹೋದೆ.

ಕಾಗದ ಬಂದದ್ದು ಅರ್ಧವಾರ್ಷಿಕ ಪರೀಕ್ಷೆಗೆ ಹತ್ತು ದಿನ ಮುಂಚೆ, ಅಪ್ಪನ ಕೈಬರಹದಲ್ಲಿ. ನಾಯಿ ಕೈಕೊಟ್ಟಿದೆ, ಅಣ್ಣ ಬಿದ್ದು ಮೊಣಕಾಲು ತರಚಿದೆ, ಬಟ್ಟೆಬರೆ ತೆಗೆದುಕೊಂಡು ಬಾ. ಬಟ್ಟೆಬರೆ ಎಂಬ ಮಾತನ್ನು ಎರಡು ಸಲ ಓದಿದೆ. ರಜಕ್ಕೆ ಕರೆಯುವವರು ಹಾಗೆ ಬರೆಯುವುದಿಲ್ಲ.

ಮನೆಗೆ ಬಂದಾಗ ನಾಯಿ ಇರಲಿಲ್ಲ. ಎದೆಪಟ್ಟಿ ದನದ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು. ಬಿದಿರ ಕೋಲು ಬಾಗಿಲ ಹಿಂದೆ, ತನ್ನ ಹಳೆಯ ಜಾಗದಲ್ಲಿತ್ತು. ಪಿರಿಯಾಪಟ್ಟಣದ ಕಡೆಯ ನೆಂಟರೊಬ್ಬರು ಹೊಗೆಸೊಪ್ಪು ಬೆಳೆಯುತ್ತಾರೆ. ಅವರ ಸೊಪ್ಪು ಬೇಯಿಸುವ ಬ್ಯಾರನ್ ಕಾಯಲು ನಾಯಿಯನ್ನು ಕೊಟ್ಟಾಗಿತ್ತು.

"ನನ್ನ ಒಂದು ಮಾತು ಕೇಳದೆ ಕೊಟ್ಟುಬಿಟ್ರಾ?" ಎಂದು ಅಪ್ಪನ ಮೇಲೆ ಹರಿಹಾಯ್ದೆ. ಇದು ಅಪ್ಪನ ಕೆಲಸ, ನನ್ನನ್ನು ವಾಪಸು ತರಲು ಮಾಡಿದ ಹೂಟ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ನನ್ ಮ್ಯಾಲ್ಯಾಕೆ ಎಗರಾಡ್ತೀಯ? ಅಣ್ಣನೇ ಅಂದಿದ್ದು, ತಕ್ಕೊಂಡೋಗಿ ಎಲ್ಲಾದ್ರೂ ದೂರಕ್ ಬುಟ್ಬುಡು ಅಂತ."

ಒಳಗೆ ದೊಡ್ಡಪ್ಪ ಕೆಮ್ಮಿದರು.

ಮರುದಿನವೇ ಕೋಲು, ಪಟ್ಟಿ ಎರಡನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮಣ್ಣಿನ ಮನೆಯ ಮುಂದೆ, ಸೌದೆ ರಾಶಿಯ ಪಕ್ಕ, ಸರಪಳಿಯಲ್ಲಿ ನಾಯಿ ಇತ್ತು. ನನ್ನನ್ನು ಕಂಡು ಅದು ಮಾಡಿದ ರಂಪವನ್ನು ಬರೆಯುವುದಿಲ್ಲ. ಎದೆಗೆ ಪಟ್ಟಿ ಕಟ್ಟಿದೆ. ಸುಮ್ಮನಾಯಿತು, ಕೆಲಸ ನೆನಪಿತ್ತು. ಕೋಲು ಕಟ್ಟಿ, ಕಣ್ಣು ಮುಚ್ಚಿ, ಬ್ಯಾರನ್ನಿನ ಹಿಂದೆ ಮಣ್ಣು ತೆಗೆದಿದ್ದ ಗುಂಡಿಯ ಕಡೆ ನಡೆದೆ. ಮೊಲಕ್ಕೆ ಓಡುವ ನಾಯಿಯೋ ಅಲ್ಲವೋ ನೋಡಿಯೇಬಿಡೋಣ ಎಂದುಕೊಂಡಿದ್ದೆ. ಅದು ಗುಂಡಿಯ ಅಂಚಿನಲ್ಲಿ ನಿಲ್ಲಲಿಲ್ಲ. ಒಂದು ಗಳಿಗೆ ಕೋಲು ನಡುಗಿತು, ಅಷ್ಟೇ. ನೇರ ನಡೆಯಿತು. ಸೊಂಟದುದ್ದದ ಗುಂಡಿಗೆ ಇಬ್ಬರೂ ಬಿದ್ದೆವು.

"ಏನೋ ಬುದ್ವಂತ ನಾಯಿ ಅಂದಿದ್ರಲ್ಲವ್ವ" ಎಂದು ಮೇಲಿನಿಂದ ನೆಂಟರು ನಕ್ಕರು. "ಇದು ಗುಂಡೀಗೇ ಬೀಳ್ತದೆ."

ನಾಯಿ ನನ್ನ ಮೊಣಕೈ ನೆಕ್ಕುತ್ತಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಲೆಕ್ಕ ಹಾಕಿದೆ. ಮೊಲ ಕಂಡು ಒಂದು ದಿನ ಓಡಿದ ನಾಯಿ ನಿಲ್ಲುವುದನ್ನು ಮರೆಯುವುದಿಲ್ಲ. ನಿಲ್ಲುವುದನ್ನು ಬಿಟ್ಟ ನಾಯಿಗೆ ಯಾರೋ ಬಿಡಿಸಿರಬೇಕು. ಕೋಲಿನ ಹಿಂದಿನ ತುದಿ ಹಿಡಿದವರು ಒಬ್ಬರೇ.

ನಾಯಿಯನ್ನು ಅಲ್ಲೇ ಬಿಟ್ಟು ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ನಾಲೆಯ ನೀರು ಸರದಿ ನೋಡಿ ಬಿಡುವ ನೀರಗಂಟಿಯ ಗುಡಿಸಲಿಗೆ ಹೋದೆ. ಅವನು ನನ್ನನ್ನು ಕಂಡದ್ದೇ ಸಲಿಕೆ ತೊಳೆಯಲು ಶುರುಮಾಡಿದ.

"ಬಂದ್ರಪ್ಪ ಲಾಯರ್ರು."

"ಅವತ್ತು ನೀವು ನೋಡಿದ್ರಿ ಅಲ್ವಾ?"

"ನೋಡ್ದೆ ಅಂತ ನಾನು ಎಲ್ಲೂ ಏಳಿಲ್ಲ."

"ಮೊಲ ಇತ್ತಾ?"

"ಮೊಲ..." ಎಂದು ಸಲಿಕೆಯನ್ನು ತಿರುಗಿಸಿ ಇನ್ನೊಂದು ಬದಿ ತೊಳೆದ. "ಮೊಲಗಿಲ ಇಲ್ಲ ಕಣವ್ವ. ನಾಯಿ ಓಡ್ಲೂ ಇಲ್ಲ. ನೀರಿಗೆ ಬಿದ್ದೋರ ಪಂಚೆ ಕಚ್ಚಿ ಎಳೀತಿತ್ತು. ಅದು ಎಳೀದೇ ಇದ್ರೆ ನಾನು ಬರೋಗಂಟ ಅವ್ರು ತೂಬೊಳಗೆ."

"ತೂಬಿನ ಹತ್ರ ಅದು ನಿಲ್ಲಲಿಲ್ವಾ?"

"ಎಲ್ ನಿಂತಾತು? ಒಂದ್ ತಿಂಗ್ಳಿಂದ ನೋಡ್ತಿದ್ದೆ. ಮೊದ್ಲು ಅತ್ಲಾಗೆ, ಏರಿ ಅಗಲ ಇರೋ ಕಡೆ. ಅದು ನಿಂತ್ಕಳದು, ಇವ್ರು ಕಾಲಲ್ಲಿ ನೂಕಿ ದಾಟೋರು. ನಿಂತ್ಕಳದು, ಕೋಲಲ್ಲಿ ತಿವಿಯೋರು. 'ಯಜಮಾನ್ರೇ, ಅಂಗ್ ಮಾಡ್ಬಾರ್ದು ಅಂತ ನಿಮ್ಮುಡುಗಿ ಏಳಿತ್ತಲ್ಲಾ' ಅಂದೆ. 'ನಿನ್ ಕೆಲ್ಸ ನೀನ್ ನೋಡ್ಲಾ' ಅಂದ್ರು. ಆಮೇಲೆ ಅದು ನಿಲ್ಲಾದೇ ಬುಟ್ಬುಡ್ತು." ಸಲಿಕೆ ಕೆಳಗಿಟ್ಟ. "ನಾನು ಏಳ್ದೆ ಅಂತ ಏಳ್ಬ್ಯಾಡ ತಾಯಿ. ಅವ್ರು ನಂಗೂ ನ್ಯಾಯ ಏಳಿರೋರು."

ಕಂಡವನು ಸಿಕ್ಕಿದ್ದ. ಇಪ್ಪತ್ತು ಮಾರು ದೂರದಿಂದ ಕಂಡಿದ್ದ. ಕಂಡದ್ದನ್ನೇ ಹೇಳಿದ್ದ.

ಅವರು ಯಾಕೆ ಹಾಗೆ ಮಾಡಿದರು ಎಂಬುದಕ್ಕೆ ನಾನು ಎಷ್ಟು ಕಾರಣ ಬೇಕಾದರೂ ಕೊಡಬಲ್ಲೆ, ಪ್ರತಿಯೊಂದನ್ನೂ ಮುರಿಯಬಲ್ಲೆ. ಅರಳಿಕಟ್ಟೆಯ ನಗೆ ಚುಚ್ಚಿತೆಂದರೆ, ಅದಕ್ಕಿಂತ ಕೆಟ್ಟ ನಗೆಯನ್ನು ಅವರು ನುಂಗಿದ್ದರು. ನಾನಿಲ್ಲದೆ ಬೇಸರವಾಯಿತೆಂದರೆ, ಕಾಗದ ಬರೆಸಬಹುದಿತ್ತು, ಬಾ ಮಗಾ ಎಂದರೆ ಬರುತ್ತಿದ್ದೆ. ಬರುತ್ತಿದ್ದೆನೇ? ಇದೊಂದು ಕಡೆ ನನ್ನ ವಾದ ಕುಂಟುತ್ತದೆ. ಹೋಗು ಎಂದು ಎಲ್ಲರ ಮುಂದೆ ನ್ಯಾಯ ಹೇಳಿದವರು ಬಾ ಎನ್ನುವಂತಿರಲಿಲ್ಲ. ಹಾಗಾಗಿ ಆ ಮಾತನ್ನು ನಾಯಿಯಿಂದ ಹೇಳಿಸಿದರು. ಅದಕ್ಕೊಂದು ಕೆಟ್ಟ ಹೆಸರು ಬಂತು. ಮನೆಯವರು ಮೊಲ ಹುಟ್ಟಿಸಿದಾಗ ಅವರು ಒಂದು ಸಲವೂ ಇಲ್ಲ ಎನ್ನಲಿಲ್ಲ. ನೂಕಿದ್ದನ್ನು ಎಂದಾದರೂ ಕ್ಷಮಿಸಿಯೇನು. ಮೊಲದ ಕಥೆಗೆ ಸುಮ್ಮನೆ ಕೂತದ್ದನ್ನು ಕ್ಷಮಿಸಲು ನನಗೆ ಬರುತ್ತಿಲ್ಲ.

"ಈ ವರ್ಷ ಓದಿದ್ದು ಸಾಕು ಬುಡು" ಎಂದು ಅಪ್ಪ ಅವತ್ತು ರಾಗಿ ಅಂಬಲಿ ಕುಡಿದು ಎದ್ದರು. ನನ್ನ ಟ್ರಂಕು ಹಾಗೇ ಬಾಗಿಲ ಬಳಿ ಇತ್ತು. ಪರೀಕ್ಷೆ ಸೋಮವಾರ.

ಶನಿವಾರ ಬೆಳಿಗ್ಗೆ ದೊಡ್ಡಪ್ಪ ಕೋಲಿನ ಹಿಂದಿನ ತುದಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಏನೂ ಆಗಿಲ್ಲವೆಂಬಂತೆ. ನಾನು ಮುಂದಿನ ತುದಿ ಹಿಡಿದೆ. ಪಟ್ಟಿಯ ಚರ್ಮ ಉಜ್ಜಿ ಅಲ್ಲಿ ಒಂದು ಕಪ್ಪು ಕಲೆ ಆಗಿತ್ತು. ಏರಿ ಹತ್ತಿದೆವು. ಪೈರಿನ ಮೇಲೆ ಗಾಳಿ ಆಡುತ್ತಿತ್ತು.

"ಏನ್ ಮಗಾ, ಬಾಯಿಗೆ ಬೀಗವಾ? ತಕ್ಕ, ನಾನು ಮೇಲಿನ ಗದ್ದೆಯೋನು. ನೀನು ಕೆಳಗ್ನೋನು" ಎಂದರು. ಆ ದನಿಯಲ್ಲಿದ್ದ ಸಂತೋಷ ನನಗೆ ಗೊತ್ತಿತ್ತು. ನನ್ನ ಬಾಲ್ಯವೆಲ್ಲ ಆ ದನಿಯ ಮುಂದೆ ನಡೆದಿದ್ದೇನೆ.

ನಾನು ವಾದಕ್ಕೆ ಇಳಿಯಲಿಲ್ಲ. ತೂಬಿನ ಸದ್ದು ಹತ್ತಿರವಾಯಿತು. ಚಪ್ಪಡಿಗೆ ಎರಡು ಹೆಜ್ಜೆ ಇರುವಾಗ ನಿಂತೆ. ಕೋಲನ್ನು ಪಕ್ಕಕ್ಕೆ ತಿರುಗಿಸಿ, ದಾರಿಗೆ ಅಡ್ಡಲಾಗಿ ನಿಂತೆ, ನಾಯಿ ನಿಲ್ಲುತ್ತಿದ್ದ ಹಾಗೆ. ದೊಡ್ಡಪ್ಪನ ಮಾತು ಅರ್ಧದಲ್ಲಿ ನಿಂತಿತು. ಕೋಲು ತಿರುಗಿದ್ದು ಅವರ ಅಂಗೈಗೆ ತಿಳಿದಿತ್ತು. ಹಿಂದಿನ ತುದಿಯನ್ನು ಹಿಡಿದ ಬೆರಳುಗಳು ಬಿಗಿಯಾದದ್ದನ್ನು ನಾನು ನೋಡಿದೆ.

"ದೊಡ್ಡಪ್ಪ, ಸೋಮವಾರ ನನಗೆ ಪರೀಕ್ಷೆ. ಬಸ್ಸು ಹತ್ತಬೇಕು ಅಂತ ಇಲ್ಲಿ ನಿಂತಿದ್ದೀನಿ. ಏನ್ ಮಾಡ್ತೀರಿ, ನಿಲ್ತೀರಾ, ನನ್ನನ್ನೂ ನೂಕಿ ದಾಟ್ತೀರಾ?"